ವಿಭೂತಿ ಹಚ್ಚಿದ ಕಣ್ಣು

ನಾನು ಕಟ್ಟಿಗೆ ನೋಡುವ ಒಂದು ಪೆಟ್ಟಿಗೆ. ಕಾಗದಪತ್ರಗಳಲ್ಲಿ ನನ್ನ ಹೆಸರು ಅವಕೆಂಪು ರೋಹಿತಮಾಪಕ. ಅಷ್ಟುದ್ದದ ಹೆಸರನ್ನು ಯಾರಾದರೂ ಪೂರ್ತಿ ಕರೆದದ್ದು ನನಗೆ ನೆನಪಿಲ್ಲ. ಕಡಲಾಚೆಯ ಕಾರ್ಖಾನೆಯೊಂದರಲ್ಲಿ, ಧೂಳಿನ ಕಣವೂ ಸುಳಿಯದ ಕೋಣೆಯಲ್ಲಿ, ಕೈಗವಸು ತೊಟ್ಟವರು ನನ್ನನ್ನು ಜೋಡಿಸಿದರು. ಹೊಟ್ಟೆಯೊಳಗೆ ಒಂದು ದೀಪ, ನೆತ್ತಿಯ ಮೇಲೆ ಒಂದು ಗಾಜಿನ ಕಣ್ಣು ಇಟ್ಟರು. ಕೆಂಪಿನಾಚೆಗಿರುವ, ಮನುಷ್ಯರಿಗೆ ಕಾಣದ ಬೆಳಕನ್ನು ನಾನು ಕಟ್ಟಿಗೆಯ ಮೇಲೆ ಚೆಲ್ಲುತ್ತೇನೆ. ಅದರಲ್ಲಿ ಒಂದಷ್ಟನ್ನು ಕಟ್ಟಿಗೆಯೊಳಗಿನ ನೀರು ಕುಡಿಯುತ್ತದೆ, ಒಂದಷ್ಟನ್ನು ನಾರು ನುಂಗುತ್ತದೆ. ಮರಳಿ ಬಂದಷ್ಟನ್ನು ನೋಡಿ, ಕಟ್ಟಿಗೆ ಎಷ್ಟು ಹಸಿ, ಉರಿದರೆ ಎಷ್ಟು ಶಾಖ ಕೊಟ್ಟೀತು ಎಂದು ಅರ್ಧ ನಿಮಿಷದಲ್ಲಿ ಹೇಳಿಬಿಡುತ್ತೇನೆ.

ಧೂಳಿಲ್ಲದ ಕೋಣೆಯಲ್ಲಿ ಹುಟ್ಟಿದರೂ ನನ್ನ ಹಣೆಯಲ್ಲಿ ಬರೆದದ್ದು ಬರೀ ಧೂಳು. ಕೊಪ್ಪಳದ ಕಡೆಯ ಒಂದು ವಿದ್ಯುತ್ ಘಟಕಕ್ಕೆ ಬಂದೆ. ಬಳ್ಳಾರಿ ಜಾಲಿಯ ಚಕ್ಕೆಗಳನ್ನು ಬಾಯ್ಲರಿನಲ್ಲಿ ಉರಿಸಿ, ಹಬೆಯಿಂದ ಕರೆಂಟು ತೆಗೆಯುವ ಜಾಗ ಅದು. ಅಲ್ಲಿ ನನಗಿಂತ ಮೊದಲೇ ನನ್ನ ಕೆಲಸ ಮಾಡುತ್ತಿದ್ದವಳು ಹುಲಿಗೆವ್ವ. ಲಾರಿ ಬಂದೊಡನೆ ಸೀರೆ ಎತ್ತಿಕಟ್ಟಿ ಹೊರೆಯ ಮೇಲೆ ಹತ್ತುವಳು. ಮೊಣಕೈವರೆಗೆ ಕೈ ಇಳಿಸಿ ಒಂದು ಹಿಡಿ ತೆಗೆದು, ಹಿಸುಕಿ, ಮೂಸಿ, ಒಂದು ಚಕ್ಕೆಯನ್ನು ಹಲ್ಲಿಗೆ ಸಿಕ್ಕಿಸಿ ಕಡಿಯುವಳು. ಅವಳು ಹಸಿ ಅಂದರೆ ಲಾರಿ ಒಣಗಿಸುವ ಕಣಕ್ಕೆ, ಒಣ ಅಂದರೆ ಬಾಯ್ಲರಿಗೆ. ಹತ್ತೊಂಬತ್ತು ವರ್ಷ ಹೀಗೇ ನಡೆದಿತ್ತು.

ಮ್ಯಾನೇಜರ್ ಪಂಪಾಪತಿಯವರಿಗೆ ಇದು ಸರಿಬರಲಿಲ್ಲ. ಕಡಿದು ನೋಡುವ ಕಾಲ ಮುಗಿಯಿತೆಂದು ನನ್ನನ್ನು ತರಿಸಿದರು. ನಾನೂ ಬೀಗಿಕೊಂಡೇ ಬಂದೆ. ಬಂದ ಮೇಲೆ ಗೊತ್ತಾಯಿತು, ನನಗೆ ಅಕ್ಷರಾಭ್ಯಾಸವೂ ಆಗಿಲ್ಲ ಎಂದು. ಪ್ರಯೋಗಾಲಯದ ತಬಸ್ಸುಮ್ ಮೇಡಂ ನನಗೆ ಕಲಿಸಲು ಕೂತರು. ಪ್ರತಿ ಗಾಜಿನ ಬಟ್ಟಲು ಚಕ್ಕೆಯನ್ನು ಮೊದಲು ನನ್ನ ಕಣ್ಣಿನ ಮೇಲಿಟ್ಟು ತೋರಿಸಬೇಕು, ಆಮೇಲೆ ಓವನ್ನಿನಲ್ಲಿ ಒಂದು ದಿನ ಒಣಗಿಸಿ ತೂಗಿ, ನಿಜವಾದ ತೇವ ಎಷ್ಟಿತ್ತೆಂದು ನನಗೆ ತಿಳಿಸಬೇಕು. ಆ ಚಕ್ಕೆಗಳನ್ನು ಆರಿಸಿ ತಂದವಳು ಹುಲಿಗೆವ್ವ.

ಬೇರೆಯವರಾಗಿದ್ದರೆ ಲಾರಿಯ ಮೇಲ್ಗಡೆಯಿಂದ ಬಾಚಿ ತಂದು ಕೈತೊಳೆದುಕೊಳ್ಳುತ್ತಿದ್ದರು. ಅವಳು ಹಳ್ಳದ ದಂಡೆಯ ಜಾಲಿ, ಗುಡ್ಡದ ಜಾಲಿ, ಬರೀ ತೊಗಟೆ, ಬೇರಿನ ಗಡ್ಡೆ, ಮೇಲೆ ಒಣಗಿ ಒಳಗೆ ಹಸಿಯಿದ್ದದ್ದು, ಎಲ್ಲವನ್ನೂ ಹುಡುಕಿ ತಂದಳು. ಇಷ್ಟು ಯಾಕೆಂದು ಮೇಡಂ ಕೇಳಿದರೆ, ಸುಲಭದ್ದನ್ನೇ ಕಲಿತ ಕೂಸು ಮುಂದೆ ಮುಗ್ಗರಿಸುತ್ತದೆ ಎಂದಳು. ತನ್ನ ಜಾಗಕ್ಕೆ ಬಂದವನಿಗೆ ಯಾರಾದರೂ ಹೀಗೆ ಮನಸಾರೆ ಕಲಿಸುತ್ತಾರೆಯೇ? ನನ್ನ ಜಂಬ ಅಲ್ಲೇ ಇಳಿಯಿತು.

ಆಯುಧಪೂಜೆ ಬಂತು. ಮೇಡಂ ತಂಗಿಯ ಮದುವೆಗೆಂದು ವಾರದ ರಜೆಯಲ್ಲಿದ್ದರು. ಮುಂಜಾನೆ ಯಾರೂ ಬರುವ ಮೊದಲೇ ಹುಲಿಗೆವ್ವ ತಲೆಗೆ ನೀರು ಹಾಕಿಕೊಂಡು ಬಂದು, ನೆನೆಸಿದ ವಿಭೂತಿಯನ್ನು ಮೂರು ಬೆರಳಿಂದ ನನ್ನ ನೆತ್ತಿಗೆ ಎಳೆದಳು. ಅದು ಹಣೆಯಲ್ಲ, ಕಣ್ಣು ಎಂದು ಅವಳಿಗೆ ಹೇಳಿದವರಿರಲಿಲ್ಲ. ವಿಭೂತಿ ಒಣಗಿ ಬೆಳ್ಳಗಾಯಿತು. ಅಂದಿನಿಂದ ನನ್ನ ಬೆಳಕಿನ ಬಹುಪಾಲು ಕಟ್ಟಿಗೆಯನ್ನು ಮುಟ್ಟದೆಯೇ ವಾಪಸು ಬರತೊಡಗಿತು. ಬೆಳಕನ್ನು ಕುಡಿಯಲು ನೀರೇ ಇಲ್ಲವೇನೋ ಎಂಬಂತೆ ಎಲ್ಲ ಕಟ್ಟಿಗೆಯೂ ನನಗೆ ಒಣಗಿದ್ದಾಗಿಯೇ ಕಂಡಿತು. ದಿನಾ ಬೆಳಿಗ್ಗೆ ಬಿಳಿ ಬಿಲ್ಲೆಯೊಂದನ್ನು ತೋರಿಸಿ ನನ್ನ ಕಣ್ಣು ಪರೀಕ್ಷಿಸುವುದು ಮೇಡಂ ಕೆಲಸ. ಅವರಿಲ್ಲದಾಗ ಅದೂ ತಪ್ಪಿತು.

ಅದೇ ವಾರ ಮಳೆ ಹಿಡಿಯಿತು. ಲಾರಿಗಳು ತೊಯ್ದು ಬಂದವು. ಹುಲಿಗೆವ್ವ ಹಸಿ ಅಂದಳು, ನಾನು ಒಣ ಅಂದೆ. ಪಂಪಾಪತಿಯವರು ನನ್ನ ಮಾತು ನಂಬಿದರು. ಐದನೆಯ ದಿನ ಚಿಮಣಿಯಿಂದ ಬಿಳಿ ಹೊಗೆ ಎದ್ದು, ಹಬೆ ಕುಸಿದು, ಟರ್ಬೈನು ನಿಂತಿತು. ಯಂತ್ರ ಸುಳ್ಳು ಹೇಳುವುದಿಲ್ಲ, ಲಾರಿಯವರ ಜೊತೆ ಸೇರಿಕೊಂಡು ಇವಳೇ ಒಣ ಚಕ್ಕೆ ಆರಿಸಿ ಬಟ್ಟಲಿಗೆ ಹಾಕಿದ್ದಾಳೆ, ತಪ್ಪಿಸಿಕೊಳ್ಳಲು ಬಾಯಲ್ಲಿ ಮಾತ್ರ ಹಸಿ ಅನ್ನುತ್ತಾಳೆ ಎಂದು ಪಂಪಾಪತಿಯವರು ಎಲ್ಲರೆದುರು ಅಂದರು. ನಾಳೆಯಿಂದ ಗೇಟಿನೊಳಗೆ ಬರಬೇಡ ಎಂದರು. ನನಗೆ ಬಾಯಿದ್ದಿದ್ದರೆ ಎಂದು ಅಂದು ಮರುಗಿದಷ್ಟು ಎಂದೂ ಮರುಗಿಲ್ಲ.

ಅವಳು ಅಳಲಿಲ್ಲ. ನನ್ನ ಮೇಲಿದ್ದ ಬಟ್ಟಲನ್ನು ತೋರಿಸಿದಳು. "ಇದಽ ಚಕ್ಕಿ ಒಲ್ಯಾಗ ಇಟ್ಟು ನೋಡ್ರಿ ಸಾಹೇಬ್ರ. ಒಣಗಿದ್ದು ಬಂತಂದ್ರ ನಾನಾಗೇ ಹೋಗ್ತೀನಿ."

ಆ ಮಧ್ಯಾಹ್ನವೇ ಮೇಡಂ ರಜೆ ಮುಗಿಸಿ ಬಂದರು. ನಾನು ನೂರಕ್ಕೆ ಇಪ್ಪತ್ತೊಂದು ಪಾಲು ನೀರು ಎಂದಿದ್ದ ಅದೇ ಚಕ್ಕೆ ಓವನ್ನಿಗೆ ಹೋಯಿತು. ಮರುದಿನ ಅವಳನ್ನೂ ಕರೆಸಿ ತೂಗಿದಾಗ ನಲವತ್ತಮೂರು. ಬಟ್ಟಲಲ್ಲಿದ್ದದ್ದು ಹಸಿಯೇ, ಕೆಟ್ಟದ್ದು ನನ್ನ ಕಣ್ಣು. ಮೇಡಂ ಹತ್ತಿಯಿಂದ ನನ್ನ ಗಾಜು ಒರೆಸಿದರು. ಹತ್ತಿಗೆ ಬಿಳಿ ಪುಡಿ ಅಂಟಿಕೊಂಡಿತು.

ಇದನ್ನು ಹಚ್ಚಿದ್ದು ಯಾರೆಂದು ಪಂಪಾಪತಿಯವರು ಕೇಳಿದರು. ಅವಳು ಹಚ್ಚಿದ್ದನ್ನು ಕಂಡವರು ಯಾರೂ ಇರಲಿಲ್ಲ. ಸುಮ್ಮನಿದ್ದಿದ್ದರೆ ಗೆದ್ದವಳಾಗಿ ಮನೆಗೆ ಹೋಗಬಹುದಿತ್ತು.

"ನಾನಽ ಹಚ್ಚೀನ್ರಿ," ಎಂದಳು ಹುಲಿಗೆವ್ವ. "ಕಲಿಯೋ ಕೂಸು, ದೃಷ್ಟಿ ತಾಗಬಾರದು ಅಂತ ಹಚ್ಚಿದ್ದೆ. ತಪ್ಪು ನಂದಽ ಐತಿ."

ಮೇಡಂ ತಡಮಾಡಲಿಲ್ಲ. ಕಣ್ಣು ಪರೀಕ್ಷಿಸುವ ಕೆಲಸವನ್ನು ಯಾರಿಗೂ ಹೇಳಿಕೊಡದೆ ರಜೆಗೆ ಹೋದ ತಪ್ಪು ತನ್ನದೆಂದು ಒಪ್ಪಿಕೊಂಡರು. ಪಂಪಾಪತಿಯವರು ಆ ಹತ್ತಿಯನ್ನು ಕೈಗೆ ತೆಗೆದುಕೊಂಡು ನೋಡಿದರು. ಆಮೇಲೆ, ಅವಳನ್ನು ಎಲ್ಲರೆದುರು ಬೈದಿದ್ದ ಅದೇ ಜಾಗದಲ್ಲಿ, ನಾಳೆ ಬೇಗ ಬಾ ಹುಲಿಗೆವ್ವ, ಮಳೆಯ ಲಾರಿಗಳಿವೆ ಎಂದರು. ಅವಳ ಕೈಗೂ ನನ್ನ ಕಣ್ಣಿಗೂ ತಾಳೆಯಾಗದಿದ್ದರೆ ಓವನ್ನೇ ತೀರ್ಪು ಹೇಳಬೇಕೆಂದು ಅಂದಿನಿಂದ ಕಟ್ಟುಪಾಡಾಯಿತು. ಓವನ್ನು ಎಷ್ಟು ಸಲ ಅವಳ ಕಡೆ ನಿಂತಿತೆಂದು ಹೇಳಲು ನನಗೆ ಇವತ್ತಿಗೂ ನಾಚಿಕೆ.

ಹನ್ನೊಂದು ವರ್ಷ ಜೊತೆಯಾಗಿ ದುಡಿದೆವು. ಈಗ ಚಕ್ಕೆ ಹರಿಯುವ ಬೆಲ್ಟಿನ ಮೇಲ್ಗಡೆಯೇ ನನ್ನದೇ ಜಾತಿಯ ಹೊಸಬನೊಬ್ಬ ಕೂತಿದ್ದಾನೆ. ನಾನು ಕಲಿತದ್ದನ್ನೆಲ್ಲ ಮೇಡಂ ಅವನಿಗೆ ದಾಟಿಸಿದ್ದಾರೆ. ಹುಲಿಗೆವ್ವನ ಹಳ್ಳ, ಗುಡ್ಡ, ತೊಗಟೆ, ಗಡ್ಡೆ ಎಲ್ಲವೂ ಅವನೊಳಗಿವೆ, ಅದು ಅವನಿಗೆ ಗೊತ್ತಿಲ್ಲ ಅಷ್ಟೆ. ನನ್ನ ದೀಪ ಆರಿತು. ಅಂಥ ದೀಪ ಈಗ ಸಿಗುವುದಿಲ್ಲವಂತೆ. ನನ್ನನ್ನು ಕಪಾಟಿನ ಮೇಲಿಟ್ಟರು.

ಹೋದ ಸಲದ ಆಯುಧಪೂಜೆ ಬಂದದ್ದು ಹುಲಿಗೆವ್ವನ ಕೆಲಸದ ಕೊನೆಯ ವಾರದಲ್ಲಿ. ಹೊಸಬನಿಗೆ ಗಾಜು ತಪ್ಪಿಸಿ, ಕಬ್ಬಿಣದ ಕಾಲಿಗೆ ಕುಂಕುಮ ಹಚ್ಚಿದಳು. ತಟ್ಟೆ ಹಿಡಿದು ನನ್ನ ಹತ್ತಿರ ಬಂದು ನಿಂತಳು.

"ಇದರ ದೀಪ ಇನ್ನ ಹತ್ತೂದಿಲ್ಲೇನ್ರಿ ಮೇಡಂ?"

ಮೇಡಂ ಇಲ್ಲವೆಂದು ತಲೆಯಾಡಿಸಿದರು.

ಹುಲಿಗೆವ್ವ ಸೆರಗಿನಿಂದ ನನ್ನ ಗಾಜಿನ ಧೂಳು ಒರೆಸಿದಳು, ತನ್ನ ಕಣ್ಣನ್ನು ಕೈಯಿಂದಲೇ ಒರೆಸಿಕೊಂಡಳು. ಆಮೇಲೆ ಮೂರು ಬೆರಳಿಂದ, ಸರಿಯಾಗಿ ಕಣ್ಣಿನ ಮೇಲೆಯೇ, ನಿಧಾನವಾಗಿ ವಿಭೂತಿ ಎಳೆದಳು. ಆ ಬೆರಳುಗಳು ಹಸಿಯಾಗಿದ್ದವು. ಎಷ್ಟು ಹಸಿ ಎಂದು ಹೇಳಲು ನನ್ನಲ್ಲಿ ಬೆಳಕು ಉಳಿದಿರಲಿಲ್ಲ.