ಮೂಲೆಯ ಚೌಕದಲ್ಲಿ ತಂಗಿ

ನಲವತ್ತೊಂದು ಪರ್ಸೆಂಟು, ಹಸಿರು ಗೆರೆ ಅಲ್ಲೇ ನಿಂತಿತೇ, ಇಲ್ಲ, ತೆವಳುತ್ತಿದೆ, ಟಿವಿಗೆ ಜೋಡಿಸಿದ ಪುಟ್ಟ ಕಂಪ್ಯೂಟರು ಗುರ್ ಎನ್ನುತ್ತ ಗಾಳಿಯಲ್ಲಿರುವ ಚಾನೆಲ್ಲುಗಳನ್ನು ಒಂದೊಂದಾಗಿ ಹೆಕ್ಕುತ್ತಿದೆ — ಅಡುಗೆ, ಹಾಡು, ಸುದ್ದಿ, ಮತ್ತೊಂದು ಸುದ್ದಿ — ಪಟ್ಟಿ ಬೆಳೆದ ಹಾಗೆಲ್ಲ ಅವನು ಒಂದೊಂದು ಹೆಸರನ್ನೂ ಓದುತ್ತಾನೆ, ಆ ಒಂದು ಚಾನೆಲ್ಲು ಸಿಗದಿದ್ದರೆ ಸಾಕು, ಸಿಗ್ನಲ್ಲೇ ಇಲ್ಲಮ್ಮ ಅಂತ ಕೈಯಾಡಿಸಿಬಿಟ್ಟರೆ ಆಯಿತು, ಅಷ್ಟು ಸನ್ನೆ ಅವನಿಗೂ ಬರುತ್ತದೆ. ಹಿಂದೆ ಸೋಫಾದಲ್ಲಿ ಅಮ್ಮ, ಹುಟ್ಟಿನಿಂದಲೇ ಕಿವಿ ಕೇಳದ ಅಮ್ಮ, ಕಾಯುತ್ತಿದ್ದಾಳೆ, ಮಧ್ಯಾಹ್ನ ಮೂರಕ್ಕೆ ಆರೋಗ್ಯದ ಕಾರ್ಯಕ್ರಮ, ಹಳೆಯದನ್ನೇ ಮತ್ತೆ ಹಾಕುತ್ತಾರೆ, ಪರದೆಯ ಮೂಲೆಯ ಚೌಕದಲ್ಲಿ ನಿಂತು ಡಾಕ್ಟರ ಮಾತನ್ನೆಲ್ಲ ಕೈಯಲ್ಲಿ ಹೇಳುವವಳು ತಂಗಿ, ಹೇಳುತ್ತಿದ್ದವಳು, ತೀರಿಹೋಗಿ ಐದು ತಿಂಗಳು. ಮಾತು ಬರುವ ಮೊದಲೇ ಸನ್ನೆ ಕಲಿತವಳು ಅವಳು, ಊಟ, ನೀರು, ಹೋಗಿ ಬರ್ತೀನಿ, ಇಷ್ಟರಲ್ಲೇ ನಲವತ್ತು ವರ್ಷ ತಳ್ಳಿದವನು ಇವನು, ಕೃತಕ ಹಲ್ಲಿನ ಸೆಟ್ಟು ಮಾಡುವ ಕೈ, ಮೇಣದಲ್ಲಿ ಕೂದಲೆಳೆಯಷ್ಟೂ ತಪ್ಪದೆ ಹಲ್ಲು ಕೂರಿಸುವ ಕೈ, ಅಮ್ಮನ ಮುಂದೆ ಮಾತ್ರ ಕೊರಡು, ಅಣ್ಣಾ, ನಿನ್ನ ಕೈ ಇನ್ನೂ ತೊದಲುತ್ತೆ ಕಣೋ, ಎಂದು ನಕ್ಕು ಬೆರಳು ತಿದ್ದುತ್ತಿದ್ದಳು.

ನೂರು ಪರ್ಸೆಂಟು, ಅರವತ್ತೆರಡು ಚಾನೆಲ್ಲು, ಮೂವತ್ತೇಳನೆಯದು ಅದೇ, ಹೆಸರಿನ ಪಕ್ಕದ ಟಿಕ್ ತೆಗೆದ, ಪಟ್ಟಿಯಿಂದ ಮಾಯ, ಕಳ್ಳನ ಹಾಗೆ ತಿರುಗಿದರೆ ಅಮ್ಮ ಅವನ ಬೆರಳನ್ನೇ ನೋಡುತ್ತಿದ್ದಾಳೆ, ಕೈ ಓದುವವಳಿಗೆ ಸುಳ್ಳು ಹೇಳುವುದು ಹೇಗೆ, ಹಾಕು ಎಂದಿತು ಅವಳ ಕೈ, ಅಷ್ಟೇ, ಹಾಕಿದ, ಬಂದಳು, ನೀಲಿ ಅಂಗಿ, ಎತ್ತಿ ಕಟ್ಟಿದ ಕೂದಲು, ಅಮ್ಮ ಪರದೆಗೇ ಕೈಯಲ್ಲಿ ಉತ್ತರ ಕೊಡುತ್ತಿದ್ದಾಳೆ, ಹೂಂ ಕಣೇ, ಗೊತ್ತಾಯ್ತು ಕಣೇ, ಅಷ್ಟರಲ್ಲಿ ಸಿಗ್ನಲ್ಲು ಕುಸಿದು ಚಿತ್ರ ನಿಂತಿತು, ತಂಗಿಯ ಕೈಗಳು ಅರ್ಧ ಮಾತಿನಲ್ಲಿ ಮೇಲೇ ಉಳಿದವು — ಆಸ್ಪತ್ರೆಯಲ್ಲೂ ಹೀಗೇ ಎತ್ತಿದ್ದಳು, ಗಂಟಲಿಗೆ ನಳಿಗೆ, ದನಿಯಿಲ್ಲ, ಹಣೆಯ ಮೇಲೆ ಐದು ಬೆರಳು ಬಿಡಿಸಿ ಮುಚ್ಚುತ್ತಾಳೆ, ಬಿಡಿಸಿ ಮುಚ್ಚುತ್ತಾಳೆ, ಏನೇ ಅದು, ನಂಗೆ ತಿಳೀತಿಲ್ಲ ಕಣೇ, ಅಮ್ಮನಿಗಾದರೆ ತಿಳಿಯುತ್ತಿತ್ತು, ನೋಡಿ ತಡೆದುಕೊಳ್ಳಲಾರಳು ಅಂತ ಅಮ್ಮನನ್ನು ಇವನೇ ಬರಗೊಡಲಿಲ್ಲ, ನಳಿಗೆ ಕಿತ್ಕೊಂಡುಬಿಟ್ಟಾರು, ಕೈ ಹಿಡ್ಕೊಂಡಿರಿ, ಎಂದರು ನರ್ಸು, ಹಿಡಿದುಕೊಂಡ, ಎರಡು ದಿನ, ಕೊನೆಯವರೆಗೂ, ಇದನ್ನು ಯಾರಿಗೂ ಹೇಳಿಲ್ಲ. ಈಗ ತನಗರಿವಿಲ್ಲದೆ ಅವನ ಕೈ ಎದ್ದಿದೆ, ಹಣೆಯ ಮೇಲೆ ಐದು ಬೆರಳು ಬಿಡಿಸಿ ಮುಚ್ಚಿ, ಬಿಡಿಸಿ ಮುಚ್ಚಿ, ಅಮ್ಮ ನೋಡಿದಳು, ತನಗೇ ಹೇಳುತ್ತಿದ್ದಾನೆ ಅಂದುಕೊಂಡಳು, ಮೆಲ್ಲಗೆ ಎದ್ದು ಹೋಗಿ ಹಗಲೂ ಉರಿಯುವ ಕೋಣೆಯ ದೀಪ ಆರಿಸಿದಳು, ಕಣ್ಣಿಗೆ ಹೊಡೀತಿತ್ತಾ, ಎಂದಳು ಕೈಯಲ್ಲಿ.

ದೀಪ. ಆಸ್ಪತ್ರೆಯಲ್ಲಿ ಅವಳ ಹಾಸಿಗೆಯ ನೆತ್ತಿಗೇ ಎರಡು ದಿನ ಉರಿದ ದೀಪ, ಸ್ವಿಚ್ಚು ಇವನ ಭುಜದ ಹಿಂದೆಯೇ ಇತ್ತು, ಕೈಗೆಟುಕುವಷ್ಟು ಹತ್ತಿರ, ಕೈಗೆ ಬಿಡುವಿರಲಿಲ್ಲ, ಅವಳ ಕೈ ಹಿಡಿದುಕೊಂಡಿದ್ದ, ಅವಳ ಎರಡೂ ಕೈ, ಇವನ ಮುಷ್ಟಿಯೊಳಗೆ ಮಿಸುಕುತ್ತ, ಅವಳ ಎರಡೂ ಕೈ, ಇವನ ಮುಷ್ಟಿಯೊಳಗೆ —