ಒಂದು ಹಿಡಿ ಅರಿಶಿನ

ಅಂಗೈ ಮೇಲ್ಭಾಗಕ್ಕೆ ತಾಗಿದರೆ ಚುರ್ ಎನ್ನುತ್ತದೆ, ಕೆಳಗೆ ಜಾರಿಸಿದರೆ ತಣ್ಣಗೆ, ತೋಡಿನ ಕಲ್ಲಿನಷ್ಟು ತಣ್ಣಗೆ, ಇರುವುದು ಒಂದೇ ರೇಡಿಯೇಟರು — ಡಿಸೆಂಬರಿನ ಮಂಜು ಇನ್ನೂ ಗದ್ದೆ ಬಿಟ್ಟಿಲ್ಲ, ನಾನು ಮಫ್ಲರ್ ಬಿಚ್ಚಿಲ್ಲ, ಇಂಥ ಚಳಿಯಲ್ಲಿ ಕಾರು ಕುದಿಯುವುದೆಂದರೆ ಏನು, ನಾರಾವಿ ಬಿಟ್ಟು ಐದು ಮೈಲಿಗೆ ಎರಡು ಸಲ, ಫ್ಯಾನಿನ ಬೆಲ್ಟು ಬಿಗಿಯಾಗಿದೆ, ರಬ್ಬರ್ ಪೈಪು ಒಡೆದಿಲ್ಲ, ತೋಡಿನಿಂದ ನಾಲ್ಕು ಡಬ್ಬಿ ನೀರು ತಂದು ಹೊಯ್ದೆ, ಆದರೂ ಕುದಿಯುತ್ತದೆ, ಮಹಾಯುದ್ಧಕ್ಕೂ ಮೊದಲು ಅಪ್ಪ ಕೊಂಡ ಕಾರು, ಅಪ್ಪನ ಮಾತು ಬಿಟ್ಟು ಬೇರೆ ಯಾರದ್ದನ್ನೂ ಕೇಳಿದ್ದಿಲ್ಲ. ಹಿಂದಿನ ಸೀಟಿನಲ್ಲಿ ತಂಗಿ ಶಶಿಪ್ರಭಾ, ಮಡಿಲಲ್ಲಿ ಸರ್ಟಿಫಿಕೇಟಿನ ಚೀಲ, ಹತ್ತು ಗಂಟೆಗೆ ಮೂಡಬಿದ್ರೆಯ ಶಾಲೆಯಲ್ಲಿ ಇಂಟರ್‌ವ್ಯೂ, ಇರುವುದು ಒಂದೇ ಟೀಚರ್ ಕೆಲಸ, ಏಳರ ಬಸ್ಸಿಗೆ ಹೋಗ್ತೇನೆ ಅಣ್ಣ ಅಂದಿದ್ದಳು, ನಾನಿರುವಾಗ ಬಸ್ಸು ಯಾಕೆ ಅಂದವನು ನಾನು, ಬಿ.ಎ. ಮುಗಿಸಿ ಎರಡು ವರ್ಷ ಜಗಲಿಯಲ್ಲಿ ಕೂತವನಿಗೆ ಒಂದು ದಿನವಾದರೂ ಯಾರನ್ನಾದರೂ ಎಲ್ಲಿಗಾದರೂ ಮುಟ್ಟಿಸಬೇಕಿತ್ತು. ಬೈಯುವುದೂ ಇಲ್ಲ ಇವಳು. ರೇಡಿಯೇಟರಿನಲ್ಲಿ ಇದ್ದದ್ದು ಸೂಜಿಮೊನೆಯಷ್ಟು ತೂತು, ಅಪ್ಪನ ಡ್ರೈವರ್ ಭೋಜ ಹೇಳುತ್ತಿದ್ದ, ಸೋರಿದರೆ ಒಂದು ಚಿಟಿಕೆ ಅರಿಶಿನ ಹಾಕಿ ಧನಿಗಳೇ, ತಾನಾಗಿ ಮುಚ್ತದೆ, ನಿನ್ನೆ ಸಂಜೆ ಚಿಟಿಕೆ ಹಾಕಿದೆ, ನಿಲ್ಲಲಿಲ್ಲ, ಇನ್ನೊಂದು, ನಿಲ್ಲಲಿಲ್ಲ, ಸಿಟ್ಟಿನಲ್ಲಿ ಒಂದು ಹಿಡಿ, ಡಬ್ಬಿ ಹಿಡಿದು ನಿಂತ ಶಶಿ ಇಷ್ಟಾ ಅಣ್ಣ ಅಂದಳು, ನಿನಗೆ ಗೊತ್ತಾಗುವುದಿಲ್ಲ ಅಂದೆ, ಸೋರುವುದು ನಿಂತಿತು, ಗೆದ್ದೆ ಎಂದುಕೊಂಡೆ — ಒಳಗಿನ ನಳಿಗೆಗಳೇ ಕಟ್ಟಿವೆ, ಬಿಸಿನೀರಿಗೆ ಕೆಳಗಿಳಿದು ತಣಿಯಲು ದಾರಿಯಿಲ್ಲ. ಹಂಚಿನ ಲಾರಿಯೊಂದು ನಿಲ್ಲುತ್ತದೆ, ಅಬ್ದುಲ್ ಶುಕೂರ್, ಅಪ್ಪನ ಕಾಲದ ಗುರುತಿನವರು, ಗೋಣಿ ಹಿಡಿದು ಮುಚ್ಚಳ ತಿರುಗಿಸಿ ಇಣುಕುತ್ತಾರೆ, ಇದೆಂತ ಮಾರಾಯ್ರೆ, ಮೀನ್ ಸಾರು ಇಟ್ಟದ್ದಾ, ಇನ್ನು ಎರಡು ಬಂಗುಡೆ ಹಾಕಿದರೆ ಆಯ್ತು, ಯಾರು ಹಾಕಿದ್ದು ಇಷ್ಟು ಅರಿಶಿನ — ನಾನು ಬಗ್ಗಿ ಫ್ಯಾನಿನ ಬೆಲ್ಟನ್ನು ಮತ್ತೊಮ್ಮೆ ಒತ್ತಿ ನೋಡುತ್ತೇನೆ, ನನ್ನ ಮೌನವನ್ನು ಇಷ್ಟು ದಿನ ಗಾಂಭೀರ್ಯ ಎಂದು ನಂಬಿದ್ದೆ, ಅಷ್ಟರಲ್ಲಿ ಕಾರಿನ ಬಾಗಿಲು ತೆರೆದು ಶಶಿ, ನಾನೇ ಹಾಕಿದ್ದು ಶುಕೂರಾಕ, ಅಳತೆ ಗೊತ್ತಾಗಲಿಲ್ಲ, ಹತ್ತಕ್ಕೆ ಟೀಚರ್ ಕೆಲಸದ ಇಂಟರ್‌ವ್ಯೂ ಉಂಟು. ಅವರು ನಗುತ್ತಾರೆ, ಅಳತೆ ಗೊತ್ತಿಲ್ಲದ ಟೀಚರಾ, ಮಕ್ಕಳ ಕಥೆ ಮುಗೀತು, ಬನ್ನಿ ಬನ್ನಿ, ನನ್ನ ಉಮ್ಮ ಇದ್ದಾರೆ ಒಳಗೆ, ಹತ್ತಕ್ಕೆ ಮುಟ್ಟಿಸ್ತೇನೆ. ಅವರ ತಾಯಿ, ಮುದುಕಿ ಪಾತುಮ್ಮ, ಸರಿದು ಜಾಗ ಕೊಟ್ಟರು, ಶಶಿ ಹತ್ತಿದಳು, ತಿರುಗಿ ನೋಡಲಿಲ್ಲ, ಅಲ್ಲ, ನೋಡಿದಳು, ಚೀಲ ಹಿಡಿದ ಅವಳ ಬೆರಳು ಬೆಳ್ಳಗಿತ್ತು, ಹಳದಿ ಇರುವುದು ನನ್ನ ಉಗುರಿನಲ್ಲಿ, ಕೂಗಬಹುದಿತ್ತು, ನಾನು ಎಂದು, ಒಂದೇ ಶಬ್ದ, ಲಾರಿ ತಿರುವು ದಾಟಿತು, ಧೂಳೂ ಕೂತಿತು, ಅಂಗೈ ಮತ್ತೆ ಅಲ್ಲಿಗೇ ಹೋಗುತ್ತದೆ, ಮೇಲೆ ಸುಡುತ್ತದೆ, ಜಾರಿಸುತ್ತೇನೆ, ಕೆಳಗೆ ತಣ್ಣಗೆ, ಮೇಲೆ ಸುಡುತ್ತದೆ, ಕೆಳಗೆ