ಶಟ್ಟೆವ್ವನ ತೀರದ ಮುಯ್ಯಿ

ಬೈಲಹೊಂಗಲದ ಶಟ್ಟೆವ್ವ ರೊಟ್ಟಿ ಬಡಿಯಲು ಕುಳಿತರೆ ನವಿಲುತೀರ್ಥದ ಅಣೆಕಟ್ಟೆಯ ಮೇಲಿನ ಕೊಕ್ಕರೆಗಳು ಗುಡುಗಿತೆಂದು ಬೆಚ್ಚಿ ಹಾರುತ್ತಿದ್ದವು. ಸುಳ್ಳೆನ್ನುವವರು ಹೋಗಿ ಕೊಕ್ಕರೆಗಳನ್ನೇ ಕೇಳಬಹುದು. ರೊಟ್ಟಿ ಎಷ್ಟು ತೆಳ್ಳಗೆಂದರೆ, ಕಣ್ಣಿಗೆ ಅಡ್ಡ ಹಿಡಿದರೂ ಆಚೆ ಸವದತ್ತಿಯ ಗುಡ್ಡ ಕಾಣಬೇಕು. ಎಷ್ಟು ದುಂಡಗೆಂದರೆ, ಹುಣ್ಣಿಮೆಯ ಚಂದ್ರ ಅದನ್ನೊಮ್ಮೆ ನೋಡಿ ಮರುದಿನದಿಂದಲೇ ಚಿಂತೆಯಲ್ಲಿ ಸವೆಯತೊಡಗುತ್ತಿದ್ದ.

ಆ ಕೈಯನ್ನು ಅವಳು ಯಾರಿಗೂ ಇಲ್ಲವೆಂದವಳಲ್ಲ. ಮದುವೆ, ಬಸುರಿಯ ಕುಬಸ, ತೊಟ್ಟಿಲು, ಯಾರ ಮನೆಯಲ್ಲಿ ಏನೇ ಇರಲಿ, ಕರೆಯುವ ಮೊದಲೇ ಶಟ್ಟೆವ್ವ ಹಂಚಿನ ಮುಂದೆ ಹಾಜರು. ಕಿತ್ತೂರಿನಿಂದ ರಾಮದುರ್ಗದವರೆಗೆ ಅವಳ ರೊಟ್ಟಿ ತಿನ್ನದೆ ಗಂಡಹೆಂಡಿರಾದ ಜೋಡಿಯೇನಾದರೂ ಇದ್ದರೆ, ಆ ಮದುವೆ ಸರಿಯಾಗಿ ಆಗಿಯೇ ಇಲ್ಲ ಎಂದು ತಿಳಿಯಬೇಕು.

ಓಣಿಯಲ್ಲಿ ಇದಕ್ಕೆ ಮುಯ್ಯಿ ಎನ್ನುತ್ತಾರೆ. ಇಂದು ನೀನು ಬಂದು ನನ್ನ ಮನೆಯ ರೊಟ್ಟಿ ಬಡಿದರೆ, ನಾಳೆ ನಿನ್ನ ಮನೆಯ ಕಾರ್ಯಕ್ಕೆ ನಾನು ಬಂದು ಬಡಿಯಬೇಕು. ಶಟ್ಟೆವ್ವ ಮಾತ್ರ ಬಡಿಯುವವಳೇ ಹೊರತು ಬಡಿಸಿಕೊಳ್ಳುವವಳಲ್ಲ. ಯಾರಾದರೂ ಮುಯ್ಯಿ ತೀರಿಸುತ್ತೇವೆಂದು ಬಂದರೆ, “ನನಗೇನ್ ಕೈ ಇಲ್ಲೇನವ್ವಾ? ಹೋಗ್ ಹೋಗ್, ನಿನ್ನ ಮನಿ ನೋಡ್ಕೋ” ಎಂದು ಹೊಸ್ತಿಲಿನಿಂದಲೇ ಅಟ್ಟುತ್ತಿದ್ದಳು.

ಇಂಥ ಶಟ್ಟೆವ್ವ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಬಾಡಿಗೆ ಖೋಲಿ ಹಿಡಿದು ಖಾನಾವಳಿ ತೆರೆದಳು. ಮೊದಲ ದಿನವೇ ಸಾಲು ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಯವರೆಗೆ ಹೋದೀತು, ಕಬ್ಬಿನ ಗಾಡಿಗಳಿಗೆ ದಾರಿ ಸಿಗದೆ ಗಲಾಟೆಯಾದೀತು ಎಂದು ಅವಳು ಹೆದರಿದ್ದಳು. ಬಂದವರು ಯಾರೋ ಊರು ತಪ್ಪಿದ ಕಂಡಕ್ಟರ್ ಒಬ್ಬ, ಆಮೇಲೆ ಒಂದು ನಾಯಿ. ಓಣಿಯ ಒಂದು ನರಪಿಳ್ಳೆಯೂ ಇತ್ತ ತಲೆ ಹಾಕಲಿಲ್ಲ. ವಾರ ಕಳೆಯಿತು. ಖೋಲಿಯ ಮಾಲೀಕ ಬಂದು, ಅಮಾವಾಸ್ಯೆಯೊಳಗೆ ಖಾನಾವಳಿ ನಡೆಯದಿದ್ದರೆ ಜಾಗವನ್ನು ಮೊಬೈಲ್ ಅಂಗಡಿಯವನಿಗೆ ಕೊಟ್ಟುಬಿಡುತ್ತೇನೆಂದು ಹೇಳಿಹೋದ.

ಶಟ್ಟೆವ್ವನ ಸಿಟ್ಟು ಒಲೆಗಿಂತ ಮೊದಲೇ ಹೊತ್ತಿಕೊಂಡಿತು.

“ನೋಡ್ರಿ, ನೋಡ್ರಿ!” ಎಂದು ಗಂಡ ಪರಪ್ಪನ ಭುಜ ಹಿಡಿದು ಅಲುಗಿಸಿದಳು. “ರಾಯವ್ವನ ಮಗಾ ಎದುರಿನ ಅಂಗಡ್ಯಾಗ ಇಡ್ಲಿ ತಿನ್ನಾಕ ಹತ್ಯಾನ! ಅವನ ಮದುವಿಗೆ ನನ್ನ ರಟ್ಟಿ ಬಿದ್ದುಹೋಗೂವಂಗ ರೊಟ್ಟಿ ಬಡದೇನಿ. ಇಡ್ಲಿ ಅಂತ ಇಡ್ಲಿ, ಹಲ್ಲಿಲ್ಲದವರ ಕೂಳು! ಈ ಓಣಿಗೆ ನಾ ಸವೆಸಿದ ಕೈಯಾಗ ಇನ್ನೊಬ್ಬಾಕಿ ಶಟ್ಟೆವ್ವ ತಯಾರ್ ಆಗತಿದ್ಲು. ಉಪಕಾರಗೇಡಿಗಳು!”

“ಹಂಗಾರ ಒಮ್ಮೆ ಹೋಗಿ ಕರೀಬಾರದೇನು?” ಎಂದ ಪರಪ್ಪ.

“ನಾ ಕರೀಬೇಕಾ? ಶಟ್ಟೆವ್ವ? ನೀವು ಸುಮ್ನ ಉಳ್ಳಾಗಡ್ಡಿ ಹೆಚ್ಚರಿ.”

ಪರಪ್ಪ ಸುಮ್ಮನೆ ಉಳ್ಳಾಗಡ್ಡಿ ಹೆಚ್ಚಿದ. ಮೂವತ್ತು ವರ್ಷದ ಸಂಸಾರದಲ್ಲಿ ಅವನು ಹೆಚ್ಚಿದ ಉಳ್ಳಾಗಡ್ಡಿಯನ್ನು ಮಲಪ್ರಭೆಗೆ ಸುರಿದಿದ್ದರೆ ಹೊಳೆ ಕಣ್ಣೀರಿಟ್ಟು ಇನ್ನೊಂದು ಗೇಣು ಏರುತ್ತಿತ್ತು.

ಅಷ್ಟರಲ್ಲಿ ಕಿತ್ತೂರಿನ ರಾಮಲಿಂಗಪ್ಪ ಬಂದ. ಅವನ ಮಗಳ ಮದುವೆ. ಊರ ಹೆಂಗಸರೆಲ್ಲ ಕಬ್ಬಿನ ಹಂಗಾಮಿನಲ್ಲಿ ಹೊಲ ಸೇರಿದ್ದರು. “ಎರಡು ಸಾವಿರ ಖಡಕ್ ರೊಟ್ಟಿ ಬೇಕ್ರಿ ಅಕ್ಕಾರ, ಗುರುವಾರ ಗಾಡಿ ತರತೇನಿ. ಚಲೋ ಆದ್ರ ಸವದತ್ತಿ ಬೀಗರ ಕಾರ್ಯಾನೂ ನಿಮಗ” ಎಂದ. ಶಟ್ಟೆವ್ವ ಹೂಂ ಎಂದುಬಿಟ್ಟಳು. ಅವನು ಹೋದ ಮೇಲೆ ತನ್ನ ಎರಡು ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಎರಡೇ ಇದ್ದವು.

ಬೇರೆ ದಾರಿಯಿರಲಿಲ್ಲ. ಸೆರಗು ಬಿಗಿದು ರಾಯವ್ವನ ಮನೆಗೆ ನಡೆದಳು. ರಾಯವ್ವ ಓಣಿಯ ಹಿರಿಯಳು. ಅವಳು ಎದ್ದರೆ ಓಣಿ ಏಳುತ್ತದೆ, ಅವಳು ಕುಳಿತರೆ ಸೂರ್ಯನೂ ಒಂದು ಗಳಿಗೆ ಯೋಚಿಸುತ್ತಾನೆ.

“ರಾಯವ್ವಾ, ರೊಟ್ಟಿ ಕೆಲಸ ಐತಿ. ನಾಕು ಮಂದೀನ ಕರಕೊಂಡು ಬಾ. ಬಿಟ್ಟಿ ಬ್ಯಾಡ, ಕೂಲಿ ಕೊಡತೇನಿ.”

ಕಾಳು ಆರಿಸುತ್ತಿದ್ದ ರಾಯವ್ವನ ಕೈಯಿಂದ ಮೊರ ಜಾರಿತು.

“ಏನಂದಿ? ಕೂಲಿ? ನಮಗ? ಏ ಸಾವಿತ್ರೆವ್ವಾ, ಬಾ ಬೇ ಇಲ್ಲಿ, ಈಕೀ ಮಾತ ಕೇಳ ಬಾ! ನಮಗ ಕೂಲಿ ಕೊಡತಾಳಂತ!”

ಪಕ್ಕದ ಮನೆಯ ಸಾವಿತ್ರೆವ್ವ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಅವಳ ಹಿಂದೆ ಓಣಿಗೆ ಓಣಿಯೇ ಬಂತು.

“ಯಾಕ, ಸಿಟ್ಟು ನಿಮಗ ಬರಬೇಕಾ?” ಶಟ್ಟೆವ್ವ ಸೊಂಟಕ್ಕೆ ಕೈಕೊಟ್ಟಳು. “ಖಾನಾವಳಿ ತಗದು ವಾರ ಆತು, ಒಬ್ರರ ಬಂದೀರೇನು? ನಿಮ್ಮ ಎಲ್ಲಾರ ಮನ್ಯಾಗ ಬಡದೇನಿ ನಾನು!”

“ಬಡದಿ. ಹೌದು ಬಡದಿ!” ರಾಯವ್ವ ಎದ್ದು ನಿಂತಳು. “ನಮಗ ಒಂದರ ರೊಟ್ಟಿ ಬಡಿಯಾಕ ಬಿಟ್ಟೀಯೇನು? ನಿನ್ನ ಮಗಳು ಸಪ್ನಾನ ಮದುವ್ಯಾಗ ಏನ್ ಮಾಡಿದಿ, ಹೇಳ ಎಲ್ಲಾರ ಮುಂದ!”

“ನಿಮಗ್ಯಾಕ ತ್ರಾಸ ಅಂತ ರಾಮದುರ್ಗದಿಂದ ಮಷೀನ್ ರೊಟ್ಟಿ ತರಿಸಿದ್ನೆವ್ವಾ...”

“ತ್ರಾಸ ಆಗತೈತಿ ಅಂತ ನಿನಗ ಯಾರ್ ಹೇಳಿದ್ರು? ನಾವು ಓಣಿ ತುಂಬ ಹಂಚ ತೊಳದು, ಹೊಸಾ ಸೀರಿ ಉಟ್ಟು, ಈಗ ಕರೀತಾಳ ಆಗ ಕರೀತಾಳ ಅಂತ ಬಾಗಲದಾಗ ಕುಂತಿದ್ವಿ. ಬಂದಿದ್ದು ಏನು? ಮಷೀನಿನ ಡಬ್ಬಿ ಹೊತ್ತ ಟೆಂಪೋ! ಊಟದ ಪಂಕ್ತ್ಯಾಗ ನಮ್ಮ ಬೀಗರು ಕೇಳಿದ್ರು, ನಿಮ್ಮ ಓಣ್ಯಾಗ ಹೆಂಗಸರ ಇಲ್ಲೇನು ಅಂತ. ನಾ ಮಾರಿ ಎಲ್ಲಿ ಇಟ್ಕೊಳ್ಳಲಿ?”

“ನಮ್ಮವ್ವ ಸಾಯೂ ಹೊತ್ತಿನ್ಯಾಗೂ ಅಂದ್ಲು,” ಸಾವಿತ್ರೆವ್ವ ನಡುವೆ ಬಾಯಿ ಹಾಕಿದಳು, “ಶಟ್ಟೆವ್ವನ ಮುಯ್ಯಿ ತೀರಸವ್ವಾ, ಇಲ್ಲಂದ್ರ ನಾ ಶಿವನ ಹತ್ರ ಯಾವ ಮಾರೀಲೆ ಹೋಗಲಿ ಅಂತ!”

“ನಿನಗ ಕೊಡೂದು ಅಷ್ಟ ಗೊತ್ತು,” ಎಂದಳು ರಾಯವ್ವ. “ನಾವು ಜೀವಮಾನ ನಿನ್ನ ಮುಂದ ತಲಿ ಬಗ್ಗಿಸ್ಕೊಂಡು ಅಡ್ಡಾಡಬೇಕು, ನೀ ಎತ್ತಿಕೊಂಡು ಅಡ್ಡಾಡಬೇಕು. ನಿನ್ನ ಖಾನಾವಳಿಗೆ ಬಂದು ಮತ್ತ ನಿನ್ನ ಕೈಯಾಗಿಂದ ತಿಂದು ಇನ್ನೊಂದು ಭಾರ ಹೊರೂಣೇನು?”

ಕೈ ಸವೆಸಿದ್ದೆಲ್ಲ ಶಟ್ಟೆವ್ವನ ಕಣ್ಣಮುಂದೆ ಬೇರೆಯೇ ಬಣ್ಣ ತಾಳಿ ನಿಂತಿತು. ಸಿಟ್ಟು ಇಳಿಯಲಿಲ್ಲ, ಯಾರ ಮೇಲೆ ಮಾಡಬೇಕೆಂಬುದಷ್ಟೇ ತಿಳಿಯದಾಯಿತು.

“ಇಷ್ಟ ವರ್ಷ ಹೇಳಬಾರದೇನ್ರೆ, ಮಾರಿಗೆ ಹೊಡದಂಗ?”

“ನೀ ಹೇಳಾಕ ಬಿಟ್ರ!”

ಶಟ್ಟೆವ್ವ ದೇವರ ಜಗುಲಿಯ ಮೇಲಿದ್ದ ರಾಯವ್ವನದೇ ಕುಂಕುಮದ ಭರಣಿ ತೆಗೆದುಕೊಂಡು ಅವಳ ಹಣೆಗೆ ಹಚ್ಚಿದಳು. ರೊಟ್ಟಿಗೆ ಕರೆಯುವ ಪದ್ಧತಿ ಅದು. ಬಳಿಕ ಹೇಳಿ ರೂಢಿಯೇ ಇಲ್ಲದ ಮಾತನ್ನು ಎಳೆದೆಳೆದು ಹೊರಹಾಕಿದಳು: “ಬುಧವಾರ ನಮ್ಮಲ್ಲಿ ರೊಟ್ಟಿ ಐತೆವ್ವಾ. ಎಲ್ಲಾರೂ ಬರ್ರಿ. ನನ್ನೊಬ್ಬಾಕಿ ಕೈಲೆ ಆಗೂದಿಲ್ಲ.”

“ಬರತೇವಿ,” ಎಂದಳು ರಾಯವ್ವ, ಇನ್ನೂ ಮುಖ ಊದಿಸಿಕೊಂಡೇ. “ಕರದ ಮನ್ಯಾಕಿ ಹಂಚ ಮುಟ್ಟೂದಿಲ್ಲ, ಚಾ ಕೊಡೂದು, ಎಲಿ ಅಡಿಕಿ ಕೊಡೂದು. ನೀ ಒಂದ ರೊಟ್ಟಿ ಬಡದಿ ಅಂದ್ರ ಎಲ್ಲಾರೂ ಎದ್ದು ಹೋಗತೇವಿ.”

ಬುಧವಾರ ಖಾನಾವಳಿಯಲ್ಲಿ ಎದ್ದ ಸದ್ದಿಗೆ ಬಸ್ಸಿನ ಚಾಲಕರು ಹಾರ್ನ್ ಹಾಕುವುದನ್ನೇ ಬಿಟ್ಟರು, ಯಾರಿಗೂ ಕೇಳಿಸದು ಎಂದು. ಹತ್ತಾರು ಹಂಚು, ಹತ್ತಾರು ಬಾಯಿ. ಶಟ್ಟೆವ್ವ ಚಹದ ಕೆಟಲ್ ಹಿಡಿದು ಆ ತುದಿಯಿಂದ ಈ ತುದಿಗೆ ಕುದಿಯುತ್ತ ಅಡ್ಡಾಡಿದಳು. ಸಾವಿತ್ರೆವ್ವನ ರೊಟ್ಟಿ ಬೆಳಗಾವಿ ಜಿಲ್ಲೆಯ ನಕಾಶೆಯಂತಿತ್ತು. ರಾಯವ್ವನದಂತೂ ದಪ್ಪವೆಂದರೆ ದಪ್ಪ, ಎಸೆದರೆ ಕಿತ್ತೂರ ಕೋಟೆಯ ಗೋಡೆಗೆ ಇನ್ನೊಂದು ಕಿಂಡಿ ಬೀಳಬೇಕು. ಶಟ್ಟೆವ್ವನ ಬೆರಳುಗಳು ತಾವಾಗಿಯೇ ತಟ್ಟತೊಡಗಿದವು. ಅವುಗಳನ್ನು ಸೆರಗಿನಲ್ಲಿ ಸುತ್ತಿ ಗಂಟು ಹಾಕಿಕೊಂಡಳು.

“ರಾಯವ್ವಾ, ಸ್ವಲ್ಪ ತೆಳ್ಳಗ...”

“ಚಾ ತಗೊಂಬಾ.”

ತಂದುಕೊಟ್ಟಳು.

ಗುರುವಾರ ರಾಮಲಿಂಗಪ್ಪ ಬಂದ. ರೊಟ್ಟಿಯ ಗೋಪುರಗಳ ಸುತ್ತ ಒಂದು ಸುತ್ತು ಹಾಕಿ, ದಪ್ಪನೆಯದೊಂದನ್ನು ಮುರಿದು ಶೇಂಗಾ ಚಟ್ನಿಯಲ್ಲಿ ಅದ್ದಿ ಬಾಯಿಗಿಟ್ಟ. ಖೋಲಿಯ ಮಾಲೀಕನೂ ಬಾಗಿಲಲ್ಲಿ ಬಂದು ನಿಂತಿದ್ದ.

“ಇದು ರೊಟ್ಟಿ!” ಎಂದ ರಾಮಲಿಂಗಪ್ಪ. “ತೆಳ್ಳನ್ನವು ಗಾಡ್ಯಾಗ ಕಿತ್ತೂರ ಮುಟ್ಟೂದ್ರಾಗ ಪುಡಿ ಆಗತಾವ್ರಿ. ಸವದತ್ತಿಗೂ ಇಂಥಾವ ಮಾಡ್ರಿ. ಯಾರ್ ಬಡದಾರ್ರಿ ಇದನ್ನ?”

ಎಲ್ಲರ ಕಣ್ಣೂ ಶಟ್ಟೆವ್ವನ ಮೇಲೆ. ಅವಳ ಮೂಗಿನ ಹೊಳ್ಳೆಗಳು ಹಿಗ್ಗಿದವು. ದಪ್ಪ ರೊಟ್ಟಿಗೆ ಹೊಗಳಿಕೆ! ಅದೂ ಅವಳ ಖಾನಾವಳಿಯಲ್ಲಿ, ಅವಳ ಎದುರಿಗೆ! ಮೂರೂ ಲೋಕದಲ್ಲಿ ಇಂಥ ಅನ್ಯಾಯ ಆಗಿರಲಿಕ್ಕಿಲ್ಲ.

“ನಮ್ಮ ರಾಯವ್ವ ಬಡದಾಳ್ರಿ,” ಎಂದಳು ಹಲ್ಲು ಕಚ್ಚಿ. ಹೇಳಿದ ಮೇಲೆ ಅದೇನು ಅನಿಸಿತೋ, ಇನ್ನಷ್ಟು ಜೋರಾಗಿ, ಬೀದಿಗೆಲ್ಲ ಕೇಳುವಂತೆ ಕೂಗಿದಳು: “ಸವದತ್ತಿಗೂ ಆಕೀನ ಬಡೀತಾಳ. ನಾ ಕರೀತೇನಿ, ಆಕಿ ಬರತಾಳ!”

ಮಾಲೀಕ ಮೊಬೈಲ್ ಅಂಗಡಿಯ ಮಾತೆತ್ತದೆ ಒಂದು ಊಟ ಹಾಕಲು ಹೇಳಿ ಕುಳಿತ.

“ನನ್ನ ಮಗನ ಮದುವೀದು ತೀರ್ತು,” ರಾಯವ್ವ ಕೈಗೆ ಮೆತ್ತಿದ ಹಿಟ್ಟು ಉಜ್ಜುತ್ತ ಹೇಳಿದಳು. “ಇನ್ನ ಮೊಮ್ಮಗಳ ತೊಟ್ಟಲದ್ದು, ಸೊಸಿ ಕುಬಸದ್ದು ಉಳದಾವು. ಅವು ಮುಗಿಯೂತನಕ ಖಾನಾವಳಿ ಮುಚ್ಚೀಯವ್ವಾ, ಹುಷಾರ್!”

“ಮುಚ್ಚಾಕ ನೀವು ಬಿಡಬೇಕಲ್ಲ!” ಎಂದು ಗದರಿ ಶಟ್ಟೆವ್ವ ಎಲ್ಲರಿಗೂ ಮತ್ತೊಮ್ಮೆ ಚಹ ಕಾಸಲು ಒಳಗೆ ಹೋದಳು.